ಸಜ್ಜಿ, ಜೋಳ, ಶಿಂಗಾಡಾ ಹಿಟ್ಟು ಎಷ್ಟು ದಿನ ಇಡಬಹುದು, ಕೆಟ್ಟದ್ದು ಗೊತ್ತಾಗುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರದಲ್ಲಿ ನಮ್ಮದೊಂದು ಸಣ್ಣ ಹಿಟ್ಟಿನ ಗಿರಣಿ. ಡಬ್ಬಿ ಕೆಳಗಿಡುವ ಮೊದಲೇ ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ಗಿರಣಿ ಓಡುವಾಗ ಆ ಸದ್ದಿನಲ್ಲಿ ನಾನು ಹೇಳಿದ ಅರ್ಧ ಉತ್ತರ ಅವರಿಗೆ ಕೇಳಿಸುವುದೇ ಇಲ್ಲ. ಪೂರ್ತಿ ಓದಲು ಪುರುಸೊತ್ತಿಲ್ಲದವರು ಇಷ್ಟು ನೆನಪಿಡಿ: ಕಾಳನ್ನು ವರ್ಷಕ್ಕಾಗುವಷ್ಟು ಇಡಿ, ಹಿಟ್ಟನ್ನು ವಾರಕ್ಕಾಗುವಷ್ಟು ಬೀಸಿ.

ಅಕ್ಕಾರ, ಸಜ್ಜಿ ಹಿಟ್ಟು ಎಂಟೇ ದಿನಕ್ಕ ಕಹಿ ಆಗ್ತೈತಿ. ಬ್ಯಾರೆಯವರ ಕಾಳು ಕೂಡಿರ್ತೈತೇನ್ರಿ?

ಇಲ್ಲ. ಇದರಲ್ಲಿ ಗಿರಣಿಯ ತಪ್ಪೂ ಇಲ್ಲ, ನಿಮ್ಮ ಡಬ್ಬಿಯ ತಪ್ಪೂ ಇಲ್ಲ. ಸಜ್ಜಿಯ ಗುಣವೇ ಅದು. ನೂರು ಗ್ರಾಂ ಸಜ್ಜಿಯಲ್ಲಿ ಸುಮಾರು 5 ಗ್ರಾಂ ಎಣ್ಣೆಯಂಶ ಇರುತ್ತದೆ. ಜೋಳದಲ್ಲಿ ಅದು 2 ಗ್ರಾಂ ಆಚೀಚೆ. ಸಜ್ಜಿ ಕಾಳು ನೋಡಲು ಚಿಕ್ಕದಾದರೂ ಅದರ ಮೊಳಕೆಯ ಭಾಗ ಕಾಳಿನ ಗಾತ್ರಕ್ಕೆ ದೊಡ್ಡದು, ಎಣ್ಣೆ ಹೆಚ್ಚಾಗಿ ಇರುವುದು ಅಲ್ಲೇ. ಆ ಎಣ್ಣೆಯನ್ನು ಒಡೆಯುವ ಲೈಪೇಸ್ ಎಂಬ ಕಿಣ್ವವೂ ಅದೇ ಕಾಳಿನಲ್ಲಿದೆ. ಕಾಳು ಇಡಿಯಾಗಿರುವವರೆಗೆ ಇವೆರಡೂ ನಡುವೆ ಗೋಡೆ ಇರುವ ಅಕ್ಕಪಕ್ಕದ ಮನೆಯವರಂತೆ ತಮ್ಮ ಪಾಡಿಗೆ ತಾವಿರುತ್ತವೆ. ಗಿರಣಿ ಕಲ್ಲಿಗೆ ಬಿದ್ದ ಕೂಡಲೇ ಆ ಗೋಡೆ ಹೋಗುತ್ತದೆ. ಕಿಣ್ವ ಎಣ್ಣೆಯನ್ನು ಒಡೆದು ಕೊಬ್ಬಿನಾಮ್ಲ ಮಾಡುತ್ತದೆ, ಅದಕ್ಕೆ ಗಾಳಿ ಸೇರಿ ಕಮಟು ಹುಟ್ಟುತ್ತದೆ, ರೊಟ್ಟಿ ಕಹಿಯಾಗುತ್ತದೆ. ಹಿಟ್ಟು ಎಷ್ಟೇ ಒಣಗಿರಲಿ, ಈ ಕೆಲಸ ಒಳಗೊಳಗೇ ನಡೆದಿರುತ್ತದೆ.

ಹೀಗಾಗಿ ವರ್ಷ ಇಟ್ಟ ಸಜ್ಜಿಯನ್ನು ಇವತ್ತು ಬೀಸಿ ಮಾಡಿದ ರೊಟ್ಟಿ ರುಚಿಯಾಗಿರುತ್ತದೆ, ಹೋದ ತಿಂಗಳು ಬೀಸಿದ ಹೊಸ ಸಜ್ಜಿಯ ರೊಟ್ಟಿ ಗಂಟಲಿಗೆ ಹತ್ತುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಐದಾರು ದಿನಕ್ಕೇ ವ್ಯತ್ಯಾಸ ತಿಳಿಯುತ್ತದೆ. ಚಳಿಗಾಲದಲ್ಲಿ ಹತ್ತು ದಿನ ಎಳೆಯಬಹುದು. ಸಜ್ಜಿಯ ಕಾಲವೂ ಚಳಿಗಾಲವೇ ಆಗಿರುವುದು ನಮ್ಮ ಪುಣ್ಯ.

ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಕಡಬು, ಭೋಗಿಗೆ ಎಳ್ಳು ಹಚ್ಚಿದ ರೊಟ್ಟಿ ಎಂದು ಜನ ಒಮ್ಮೆಗೇ ಐದು ಕಿಲೋ ಬೀಸಿಕೊಂಡು ಹೋಗುತ್ತಾರೆ. ಹಬ್ಬ ಮುಗಿದ ಮೇಲೆ ಅರ್ಧ ಡಬ್ಬಿ ಉಳಿಯುತ್ತದೆ. ಹಾಗೆ ಉಳಿದರೆ ಹಿಟ್ಟಾಗಿ ಇಡಬೇಡಿ, ಎರಡು ದಿನದೊಳಗೆ ಎಲ್ಲವನ್ನೂ ಬಡಿದು ಕಡಕ್ ರೊಟ್ಟಿ ಮಾಡಿಬಿಡಿ. ಹಂಚಿನ ಕಾವಿಗೆ ಕಿಣ್ವ ಸಾಯುತ್ತದೆ. ರೊಟ್ಟಿ ಹಿಟ್ಟಿಗಿಂತ ಎಷ್ಟೋ ಹೆಚ್ಚು ದಿನ ಬಾಳುತ್ತದೆ.

ಕಾಳು ಹುರಿದು ಬೀಸಿದ್ರ ಕಹಿ ಆಗೂದಿಲ್ಲಂತ, ಖರೇನ?

ತಕ್ಕಮಟ್ಟಿಗೆ ಖರೆ. ಕಾವು ಕೊಟ್ಟರೆ ಲೈಪೇಸ್ ಕೆಲಸ ನಿಲ್ಲಿಸುತ್ತದೆ. ಸಂಶೋಧಕರು ಸಜ್ಜಿಯನ್ನು 98 ಡಿಗ್ರಿ ಬಿಸಿನೀರಿನಲ್ಲಿ 30 ಸೆಕೆಂಡ್ ಅದ್ದಿ, ಚೆನ್ನಾಗಿ ಒಣಗಿಸಿ ಬೀಸಿದಾಗಲೂ ಹಿಟ್ಟಿನ ಬಾಳಿಕೆ ಹೆಚ್ಚಿದ್ದನ್ನು ಕಂಡಿದ್ದಾರೆ. ಮಾರಾಟಕ್ಕೆ ಹಿಟ್ಟು ಮಾಡುವವರಿಗೆ ಇದು ಉಪಯೋಗ. ಮನೆಯಲ್ಲಿ ಮಾಡಿದರೆ ಒದ್ದೆ ಕಾಳು ಸರಿಯಾಗಿ ಒಣಗದೆ ಮುಗ್ಗು ಹಿಡಿಯುವ ಭಯವೇ ಹೆಚ್ಚು. ಹುರಿದ ಹಿಟ್ಟಿನ ರೊಟ್ಟಿ ಬಡಿಯಲು ಅಷ್ಟು ಚೆನ್ನಾಗಿಯೂ ಬರುವುದಿಲ್ಲ. ಮಾಲ್ದಿ, ಉಂಡಿಗೆ ಹುರಿದು ಬೀಸಿ, ದಿನದ ರೊಟ್ಟಿಗೆ ಹಸಿ ಕಾಳೇ ಬೀಸಿ, ಸ್ವಲ್ಪ ಸ್ವಲ್ಪ ಬೀಸಿ.

ಉಳಿದ ಹಿಟ್ಟು ಎಷ್ಟೆಷ್ಟು ದಿನ ಇರ್ತಾವ?

ಬಿಳಿಜೋಳದ ಹಿಟ್ಟು ಹೊರಗೆ ಮೂರು ವಾರದಿಂದ ಒಂದು ತಿಂಗಳು. ಮಳೆಗಾಲದಲ್ಲಿ ಎರಡು ವಾರ ಎಂದಿಟ್ಟುಕೊಳ್ಳಿ. ಗಿರಣಿಯಲ್ಲಿ ಬೀಸಿದ, ಹೊಟ್ಟು ತೆಗೆಯದ ಗೋಧಿ ಹಿಟ್ಟು ಒಂದು ತಿಂಗಳು, ಒಂದೂವರೆ ತಿಂಗಳು. ಮೈದಾ, ಅಕ್ಕಿ ಹಿಟ್ಟು ಇನ್ನೂ ಹೆಚ್ಚು ಬಾಳುತ್ತವೆ. ಮೊಳಕೆ, ಹೊಟ್ಟು ಹೋದ ಮೇಲೆ ಅವುಗಳಲ್ಲಿ ಎಣ್ಣೆ ಉಳಿಯುವುದೇ ಅಷ್ಟಕ್ಕಷ್ಟೆ. ಕಡ್ಲಿ ಹಿಟ್ಟಿನಲ್ಲಿ ಎಣ್ಣೆಯಂಶ ಸಜ್ಜಿಯಷ್ಟೇ ಇದ್ದರೂ ಅದು ಸಜ್ಜಿಯಷ್ಟು ಬೇಗ ಕೆಡುವುದಿಲ್ಲ, ಎರಡು ತಿಂಗಳು ತಡೆಯುತ್ತದೆ. ಗೋವಿನಜೋಳದ ಹಿಟ್ಟನ್ನು ಮೊಳಕೆ ಸಮೇತ ಬೀಸಿದ್ದರೆ ಹದಿನೈದು ದಿನದಲ್ಲಿ ಮುಗಿಸಿ.

ಇವೆಲ್ಲ ವಿಜಯಪುರ, ಬಾಗಲಕೋಟೆಯ ಒಣ ಹವೆಯ ಲೆಕ್ಕ. ಖಾನಾಪುರ, ಜಾಂಬೋಟಿ ಕಡೆಯ ಮಳೆಯಲ್ಲಿ ಉಪ್ಪಿನ ಡಬ್ಬಿಯೇ ನೀರಾಗಿ ನಿಲ್ಲುತ್ತದೆ. ಅಲ್ಲಿಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಅಂಕಿಗಳನ್ನೆಲ್ಲ ಅರ್ಧ ಮಾಡಿಕೊಳ್ಳಬೇಕು. ಮತ್ತೆ ದಿನ ಎಣಿಸುವುದು ಬೀಸಿದ ದಿನದಿಂದ, ನೀವು ಅಂಗಡಿಯಿಂದ ತಂದ ದಿನದಿಂದ ಅಲ್ಲ. ಡಬ್ಬಿಯ ಮುಚ್ಚಳಕ್ಕೆ ಒಂದು ಚೀಟಿ ಅಂಟಿಸಿ ಬೀಸಿದ ತಾರೀಖು ಬರೆಯಿರಿ ಎಂದು ಎಲ್ಲರಿಗೂ ಹೇಳುತ್ತೇನೆ. ಕೇಳುವವರು ಕಡಿಮೆ.

ಕೆಟ್ಟೈತೋ ಇಲ್ಲೋ ಅನ್ನೂದು ಹೆಂಗ ಗೊತ್ತಾಗಬೇಕು? ನೋಡಾಕ ಛಲೋನ ಕಾಣ್ತೈತಿ.

ಕಮಟು ಹತ್ತಿದ ಹಿಟ್ಟು ನೋಡಲು ಚೆನ್ನಾಗಿಯೇ ಕಾಣುತ್ತದೆ. ಅಲ್ಲಿ ಕಣ್ಣು ನಂಬಬೇಡಿ, ಮೂಗು ನಂಬಿ. ಆದರೆ ಡಬ್ಬಿಯ ಬಾಯಿಗೆ ಮೂಗಿಟ್ಟು ನೋಡುವುದು ಸರಿಯಾದ ರೀತಿಯಲ್ಲ. ಅಲ್ಲಿ ಸ್ಟೀಲಿನ ವಾಸನೆಯೂ ಇರುತ್ತದೆ, ಹಳೆ ಮುಚ್ಚಳದ ವಾಸನೆಯೂ ಇರುತ್ತದೆ. ತಳದಿಂದ ಒಂದು ಚಮಚ ಹಿಟ್ಟು ತೆಗೆದು ಸಣ್ಣ ಬಟ್ಟಲಿಗೆ ಹಾಕಿ. ಮೇಲಿನಿಂದ ಬೇಡ, ತಳದ್ದೇ ಹಳೆಯದು. ಅದರ ಮೇಲೆ ಎರಡು ಚಮಚ ಕುದಿಯುವ ನೀರು ಬಿಡಿ. ಬೆರಳಿನಿಂದ ಕಲಸಿದ ಕೂಡಲೇ ಏಳುವ ಹಬೆಯನ್ನು ಮೂಸಿ. ಒಣ ಹಿಟ್ಟಿನಲ್ಲಿ ಅಡಗಿದ್ದ ವಾಸನೆಯನ್ನೆಲ್ಲ ಬಿಸಿನೀರು ಹೊರಗೆ ಹಾಕುತ್ತದೆ. ಒಳ್ಳೆಯ ಜೋಳದ ಹಿಟ್ಟಾದರೆ ಆಗಷ್ಟೇ ಇಟ್ಟ ಎಸರಿನ ಸಿಹಿ ಘಮ ಬರುತ್ತದೆ. ಕೆಟ್ಟದ್ದಾದರೆ ಹಳೆ ಕರಿದ ಎಣ್ಣೆಯದ್ದೋ, ಬಣ್ಣದ ಡಬ್ಬಿಯದ್ದೋ, ಮುಚ್ಚಿಟ್ಟ ಕೋಣೆಯದ್ದೋ ವಾಸನೆ. ಸಜ್ಜಿಗಾದರೆ ಇಲಿ ಓಡಾಡಿದ ಮೂಲೆಯ ನಾತದಂಥದ್ದೂ ಬರಬಹುದು.

ಮೂಗಿಗೆ ಅನುಮಾನ ಉಳಿದರೆ ಒಂದು ಚಿಟಿಕೆ ನಾಲಿಗೆಯ ಮೇಲಿಟ್ಟು ಉಗುಳಿ. ಕಮಟು ಹಿಟ್ಟಿನ ಕಹಿ ನಾಲಿಗೆಯ ಬುಡದಲ್ಲಿ, ಗಂಟಲ ಹತ್ತಿರ ತಿಳಿಯುತ್ತದೆ. ನೀರು ಕುಡಿದರೂ ಹೋಗುವುದಿಲ್ಲ. ಹಿಟ್ಟಿನಲ್ಲಿ ಹೆಂಟೆ ಕಟ್ಟಿದ್ದರೆ, ಬಣ್ಣ ಬದಲಾಗಿದ್ದರೆ, ಬೂಷ್ಟು ಕಂಡರೆ ಮಾತ್ರ ನಾಲಿಗೆಗೆ ಇಡಲೇಬೇಡಿ, ನೇರ ಹೊರಗೆ ಚೆಲ್ಲಿ.

ನೆಗಡಿಯಾಗಿದ್ದಾಗ ಈ ಪರೀಕ್ಷೆಯನ್ನು ಮನೆಯ ಬೇರೆಯವರಿಗೆ ವಹಿಸಿ. ಅತ್ತೆಯವರಿದ್ದರೆ ಅವರಿಗೇ ಕೊಡಿ. ಅವರ ಮೂಗಿಗೆ ಸುಳ್ಳು ಹೇಳಲು ಯಾವ ಹಿಟ್ಟಿನಿಂದಲೂ ಆಗುವುದಿಲ್ಲ.

ಕಮಟು ಹಿಟ್ಟಿನ ರೊಟ್ಟಿ ತಿಂದ್ರ ಏನಾಗ್ತೈತಿ?

ಒಂದೆರಡು ಸಲ ತಿಂದರೆ ಗಂಟಲು ಕೆರೆತ, ಹೊಟ್ಟೆ ಉರಿ, ಅಷ್ಟೇ. ವಿಷವಲ್ಲ. ಆದರೆ ದಿನವೂ ತಿನ್ನುವಂಥದ್ದಲ್ಲ. ಬೇಯಿಸಿದರೆ, ಬೆಲ್ಲ ಹಾಕಿದರೆ, ಹೊಸ ಹಿಟ್ಟು ಕೂಡಿಸಿದರೆ ಕಮಟು ಹೋಗುವುದಿಲ್ಲ. ಕಾಲು ಕಿಲೋ ಕೆಟ್ಟ ಹಿಟ್ಟು ಉಳಿಸಲು ಹೋಗಿ ಎರಡು ಕಿಲೋ ಒಳ್ಳೆಯ ಹಿಟ್ಟು ಹಾಳು ಮಾಡಿಕೊಳ್ಳುವವರನ್ನು ದಿನಾ ನೋಡುತ್ತೇನೆ.

ಜ್ವಾಳದ ರೊಟ್ಟಿ ಬಿರಿತಾವ, ಬಡಿಯಾಕ ಬರವಲ್ದು. ಹಿಟ್ಟು ಕೆಟ್ಟೈತೇನ?

ಕೆಟ್ಟಿರಬೇಕೆಂದೇನಿಲ್ಲ. ಹಳತಾಗಿದೆ, ಜಿಗಿ ಹೋಗಿದೆ. ವಾಸನೆ ಚೆನ್ನಾಗಿದ್ದರೆ ತಿನ್ನಲು ಅಡ್ಡಿಯಿಲ್ಲ. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಜೋಳದಲ್ಲಿಲ್ಲ. ಜೋಳದ ಹಿಟ್ಟನ್ನು ಹಿಡಿದಿಡುವುದು ಕುದಿಯುವ ಎಸರಿಗೆ ಅರೆಬೆಂದ ಪಿಷ್ಟ. ಹಾಗಾಗಿ ಹಿಟ್ಟು ಹಳತಾದಷ್ಟೂ ಎಸರು ಕೊತಕೊತ ಕುದಿಯಬೇಕು, ನಾದುವುದೂ ಹೆಚ್ಚಾಗಬೇಕು. ಆದರೂ ಬಿರಿದರೆ ಅಂಬಲಿಗೋ, ನುಚ್ಚಿನ ಜೊತೆಗೋ, ತಾಲಿಪಟ್ಟಿಗೋ ಬಳಸಿ. ತಾಲಿಪಟ್ಟಿಗೆ ಗೋಧಿ, ಕಡ್ಲಿ ಹಿಟ್ಟು ಕೂಡುವುದರಿಂದ ಜಿಗಿಯ ಚಿಂತೆಯಿಲ್ಲ.

ಹೊಸ ಹಿಟ್ಟೇ ಬಿರಿಯುತ್ತಿದ್ದರೆ ಜೋಳ ಯಾವುದು ಎಂದು ನೋಡಿ. ಹಿಂಗಾರಿಯ ಮಾಲದಂಡಿ, ಅಂದರೆ ಎಂ 35-1, ರೊಟ್ಟಿಗೆ ಹೇಳಿ ಮಾಡಿಸಿದ್ದು. ಮುಂಗಾರಿಯ ಹೈಬ್ರಿಡ್ ಜೋಳಕ್ಕೆ ಆ ಗುಣ ಬರುವುದಿಲ್ಲ. ಹಿಟ್ಟು ದಪ್ಪಗಿದ್ದರೂ ಬಿರಿಯುತ್ತದೆ, ಹಾಗಿದ್ದರೆ ಗಿರಣಿಯವರಿಗೆ ಸಣ್ಣಗೆ ಬೀಸಲು ಹೇಳಿ.

ಗಿರಣ್ಯಾಗಿಂದ ತಂದ ಬಿಸಿ ಹಿಟ್ಟು ಹಂಗ ಮುಚ್ಚಿ ಇಡಬಹುದೇನ್ರಿ?

ಬೇಡವೇ ಬೇಡ. ಕಲ್ಲಿನಿಂದ ಬೀಳುವ ಹಿಟ್ಟು ಕೈ ಸುಡುವಷ್ಟಲ್ಲದಿದ್ದರೂ ಒಳ್ಳೆ ಬಿಸಿಯಾಗಿರುತ್ತದೆ. ಮುಚ್ಚಳ ಹಾಕಿದರೆ ಒಳಗಿನ ಹಬೆ ಮುಚ್ಚಳಕ್ಕೆ ತಾಗಿ ಬೆವರುತ್ತದೆ, ಹನಿ ಮೇಲಿನ ಹಿಟ್ಟಿಗೆ ಬೀಳುತ್ತದೆ. ಮೊದಲ ಹೆಂಟೆ ಕಟ್ಟುವುದೂ ಅಲ್ಲೇ, ಮೊದಲ ಬೂಷ್ಟು ಕಾಣುವುದೂ ಅಲ್ಲೇ. ಮನೆಗೆ ಬಂದ ಕೂಡಲೇ ಒಣ ಬಟ್ಟೆಯ ಮೇಲೋ ಅಗಲ ಪರಾತದಲ್ಲೋ ನೆರಳಿನಲ್ಲಿ ಹರಡಿ, ಕೈಗೆ ತಣ್ಣಗೆ ಹತ್ತಿದ ಮೇಲೆ ತುಂಬಿ. ಡಬ್ಬಿ ತೊಳೆದಿದ್ದರೆ ಒರೆಸಿದರೆ ಸಾಲದು, ಬಿಸಿಲಿಗೆ ಬೋರಲು ಹಾಕಬೇಕು.

ಹಳೆ ಹಿಟ್ಟಿನ ಮೇಲೆ ಹೊಸದು ಸುರಿಯಬೇಡಿ. ತಳದಲ್ಲಿರುವ ಎರಡು ಮುಷ್ಟಿ ಹಿಟ್ಟಿನಲ್ಲಿ ಹುಳದ ತತ್ತಿಯೂ ಇರುತ್ತದೆ, ಕಮಟಿನ ಮೊದಲ ಪಾಲೂ ಇರುತ್ತದೆ. ಡಬ್ಬಿಯನ್ನು ಒಲೆಯ ಮೇಲಿನ ಮಾಡದಲ್ಲಿ ಇಡುವುದೂ ನಮ್ಮ ಮನೆಗಳ ದೊಡ್ಡ ರೂಢಿ. ಅಡುಗೆಮನೆಯಲ್ಲಿ ಅತಿ ಬಿಸಿ, ಅತಿ ಹಬೆ ಇರುವ ಜಾಗ ಅದೇ.

ಹಿಟ್ಟಿನ್ಯಾಗ ನುಸಿ ಬಿದ್ದಾವ. ಸಾಣಿಸಿ ಬಳಸಬಹುದ?

ಯಾವ ಹುಳ, ಎಷ್ಟಿವೆ ಎಂಬುದರ ಮೇಲೆ ಹೋಗುತ್ತದೆ. ಸೊಂಡಿಲಿನಂಥ ಮೂತಿಯ ಕರಿ ನುಸಿ ಕಾಳಿನದ್ದು. ಕಾಳಿನೊಳಗೇ ತತ್ತಿಯಿಟ್ಟು ಬೆಳೆಯುತ್ತದೆ. ಹಿಟ್ಟಿನಲ್ಲಿ ಕಂಡರೆ ಕಾಳಿನಲ್ಲಿಯೇ ಇತ್ತು ಎಂದು ತಿಳಿಯಿರಿ, ಹೋಗಿ ಕಾಳಿನ ಚೀಲ ನೋಡಿ. ಕೆಂಪು, ಚಪ್ಪಟೆ, ಅಕ್ಕಿ ನುಚ್ಚಿನಷ್ಟು ಉದ್ದದ ಹುಳ ಹಿಟ್ಟಿನದ್ದೇ. ಇಡೀ ಗಟ್ಟಿ ಕಾಳನ್ನು ತಿನ್ನಲು ಅದಕ್ಕೆ ಆಗುವುದಿಲ್ಲ. ನುಚ್ಚು, ಧೂಳು, ಹಿಟ್ಟು ಅದರ ಆಹಾರ. ಈ ಕೆಂಪು ಹುಳ ಹೆಚ್ಚಾದಾಗ ಅದರ ಮೈಯಿಂದ ಒಸರುವ ಕ್ವಿನೋನ್ ಎಂಬ ದ್ರವ್ಯದಿಂದ ಹಿಟ್ಟಿಗೆ ಘಾಟು ವಾಸನೆ, ಕೆಲವೊಮ್ಮೆ ನಸುಗೆಂಪು ಬಣ್ಣ ಬರುತ್ತದೆ. ಅದನ್ನು ಸಾಣಿಸಿ ಪ್ರಯೋಜನವಿಲ್ಲ. ಹುಳ ಹೋದರೂ ಅದು ಬಿಟ್ಟದ್ದು ಹಿಟ್ಟಿನಲ್ಲೇ ಉಳಿಯುತ್ತದೆ.

ಮೂರನೆಯದು ಪತಂಗದ ಮರಿ. ಹಿಟ್ಟು ಸಾಣಿಗೆಯಲ್ಲಿ ಎಳೆ ಎಳೆಯಾಗಿ ಜೋತುಬಿದ್ದರೆ, ಡಬ್ಬಿಯ ಮೂಲೆಯಲ್ಲಿ ರೇಷ್ಮೆಯಂಥ ಜಾಳಿಗೆ ಕಂಡರೆ ಅದೇ. ಪೂರ್ತಿ ಚೆಲ್ಲಿ.

ಒಂದೆರಡು ಹುಳವಷ್ಟೇ ಕಂಡು, ವಾಸನೆ ಚೆನ್ನಾಗಿದ್ದರೆ ಸಣ್ಣ ಕಣ್ಣಿನ ಸಾಣಿಗೆಯಲ್ಲಿ ಸಾಣಿಸಿ ಅದೇ ದಿನ, ಮರುದಿನ ಮುಗಿಸಿ. ಮತ್ತೆ ಡಬ್ಬಿಗೆ ತುಂಬಿದರೆ ಕಣ್ಣಿಗೆ ಕಾಣದ ತತ್ತಿ ಹದಿನೈದು ದಿನದಲ್ಲಿ ಲೆಕ್ಕ ಒಪ್ಪಿಸುತ್ತದೆ.

ಹಿಟ್ಟು ಬಿಸಿಲಿಗೆ ಹಾಕಿದ್ರ ಛಲೋ ಅಲ್ಲೇನ್ರಿ?

ಕಾಳಿಗೆ ಬಿಸಿಲು ಒಳ್ಳೆಯದು, ಹಿಟ್ಟಿಗೆ ಅಲ್ಲ. ಬೆಳಕು, ಬಿಸಿ, ಗಾಳಿ ಮೂರೂ ಸೇರಿ ಹಿಟ್ಟಿನ ಎಣ್ಣೆಯನ್ನು ಬೇಗ ಕಮಟು ಮಾಡುತ್ತವೆ. ಕಾಳನ್ನು ಮಾರ್ಚ್, ಏಪ್ರಿಲ್‌ನಲ್ಲಿ ಮಾಳಿಗೆಯ ಮೇಲೆ ತೆಳ್ಳಗೆ ಹರಡಿ ಎರಡು ಮೂರು ದಿನ ಒಣಗಿಸಿ, ಸಂಜೆ ಪೂರ್ತಿ ಆರಿದ ಮೇಲೆ ತುಂಬಿ. ಒಣಗಿದೆಯೋ ಎಂದು ನೋಡಲು ಹಲ್ಲಿಗೆ ಇಟ್ಟು ಕಡಿಯಿರಿ. ಕಟ್ ಎಂದು ಮುರಿಯಬೇಕು. ಮೆತ್ತಗೆ ಒತ್ತಿದರೆ ಇನ್ನೂ ತೇವವಿದೆ. ತೇವ ನೂರಕ್ಕೆ 12ಕ್ಕಿಂತ ಕೆಳಗಿದ್ದರೆ ಬೂಷ್ಟಿಗೆ ಜಾಗವಿಲ್ಲ, ನುಸಿಯೂ ಸೊರಗುತ್ತದೆ.

ಬೇವಿನ ಎಲಿ, ಲವಂಗ, ಬೋರಿಕ್ ಪುಡಿ, ಗುಳಿಗಿ, ಯಾವುದು ಹಾಕಬೇಕು?

ಕಾಳಿಗೆ ನೆರಳಿನಲ್ಲಿ ಒಣಗಿಸಿದ ಬೇವಿನ ಎಲೆ ಹಾಕಿ. ಹಸಿ ಎಲೆ ತೇವ ಬಿಡುತ್ತದೆ. ಬೇಳೆಕಾಳಿಗೆ ಔಡಲೆಣ್ಣೆ ತಿಕ್ಕುವುದೂ ಒಳ್ಳೆಯ ಪದ್ಧತಿ. ಹಿಟ್ಟಿಗೆ ಲವಂಗ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿದರೆ ಹುಳ ಸ್ವಲ್ಪ ದೂರ ಇರಬಹುದು, ಕಮಟು ಮಾತ್ರ ತಪ್ಪುವುದಿಲ್ಲ. ಬೋರಿಕ್ ಪುಡಿಯನ್ನು ಹಿಟ್ಟಿಗೆ ಹಾಕಲೇಬಾರದು. ಕಾಳಾದರೆ ತೊಳೆಯಬಹುದು, ಹಿಟ್ಟನ್ನು ತೊಳೆಯುವುದು ಹೇಗೆ?

ಗುಳಿಗೆಯ ವಿಷಯ ಇನ್ನೂ ಗಂಭೀರ. ಅಂಗಡಿಯಲ್ಲಿ ಕಾಳಿನ ಗುಳಿಗೆ ಎಂದು ಕೈಗೆ ಸಿಗುವುದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಫಾಸ್ಫೀನ್ ಎಂಬ ವಿಷಗಾಳಿ ಬಿಡುತ್ತದೆ. ಮಲಗುವ ಕೋಣೆಯಲ್ಲಿ ಚೀಲ ಪೇರಿಸಿ ಗುಳಿಗೆ ಹಾಕಿ ಮಲಗಿದ ಮನೆಗಳಲ್ಲಿ ಜೀವ ಹೋಗಿವೆ. ಅದು ತರಬೇತಿ ಪಡೆದವರು ಗೋದಾಮಿನಲ್ಲಿ ಬಳಸುವ ಔಷಧಿ. ಮನೆಯೊಳಗೆ ಒಂದು ಗುಳಿಗೆಯನ್ನೂ ತರಬೇಡಿ.

ಬೂಷ್ಟು ಹಿಡಿದ ಭಾಗ ತಗದು ಉಳಿದದ್ದು ಬಳಸಿದ್ರ?

ಬಳಸಬಾರದು. ಕಮಟಿಗೂ ಬೂಷ್ಟಿಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. ಕಮಟು ರುಚಿ ಕೆಡಿಸುತ್ತದೆ, ಬೂಷ್ಟು ಆರೋಗ್ಯ ಕೆಡಿಸುತ್ತದೆ. ಹಸಿರೋ ಕರಿಯೋ ಚುಕ್ಕೆ ಒಂದು ಕಡೆ ಕಂಡರೂ ಅದರ ಎಳೆ ಹಿಟ್ಟಿನ ಒಳಗೆಲ್ಲ ಹಬ್ಬಿರುತ್ತದೆ. ಕೆಲವು ಬೂಷ್ಟುಗಳು ಬಿಡುವ ವಿಷ ಹಂಚಿನ ಕಾವಿಗೂ ಕುದಿಯುವ ಎಸರಿಗೂ ಜಗ್ಗುವುದಿಲ್ಲ. ಶೇಂಗಾ, ಗೋವಿನಜೋಳದಲ್ಲಿ ಬರುವ ಅಫ್ಲಾಟಾಕ್ಸಿನ್ ಅಂಥದ್ದು. ಯಕೃತ್ತಿಗೆ ಕೇಡು.

ಇದೆಲ್ಲ ಬರೀ ಪುಸ್ತಕದ ಮಾತು ಎನ್ನುವವರು 1995ರದ್ದು ತಿಳಿದುಕೊಳ್ಳಬೇಕು. ಆ ವರ್ಷ ಕೊಯ್ಲಿನ ಹೊತ್ತಿಗೆ ಅಕಾಲದ ಮಳೆ ಬಂದು ಕರ್ನಾಟಕ, ಆಂಧ್ರದ ಎಷ್ಟೋ ಹಳ್ಳಿಗಳಲ್ಲಿ ಜೋಳ, ಗೋವಿನಜೋಳ ತೊಯ್ದವು. ಆ ಬೂಷ್ಟು ಹಿಡಿದ ಕಾಳನ್ನೇ ಬೀಸಿ ತಿಂದ ಬಡ ಕುಟುಂಬಗಳಲ್ಲಿ ಹೊಟ್ಟೆ ನೋವು, ಭೇದಿ ಹಬ್ಬಿತು. ಫ್ಯುಮೋನಿಸಿನ್ ಎಂಬ ಬೂಷ್ಟಿನ ವಿಷ ಆ ಕಾಳಿನಲ್ಲಿ ಪತ್ತೆಯಾಯಿತು. ತಿನ್ನುವುದು ಬಿಟ್ಟ ಮೇಲೆ ಜನ ಸುಧಾರಿಸಿಕೊಂಡರು.

ಮಳೆಗೆ ಸಿಕ್ಕ ಮುಂಗಾರಿ ಜೋಳವನ್ನು ಆರಿಸುವಾಗ ಕಪ್ಪು, ನಸುಗೆಂಪು, ಬೂದುಬಣ್ಣದ ಕಾಳನ್ನು ಬಿಡದೆ ತೆಗೆಯಿರಿ. ಹಿಟ್ಟಾದ ಮೇಲೆ ಅದು ಕಣ್ಣಿಗೆ ಸಿಗುವುದಿಲ್ಲ. ನಮ್ಮ ಹಿಂಗಾರಿ ಜೋಳ ಒಣ ಹವೆಯಲ್ಲಿ ಬಲಿಯುವುದರಿಂದ ಈ ಕಾಟ ಬಹಳ ಕಡಿಮೆ.

ಹಿರ್ಯಾರು ಇಷ್ಟೆಲ್ಲಾ ನೋಡ್ತಿದ್ರೇನ?

ನೋಡುವ ಪ್ರಸಂಗವೇ ಬರುತ್ತಿರಲಿಲ್ಲ. ಬೆಳಗಿನ ಜಾವ ಬೀಸುಕಲ್ಲಿನಲ್ಲಿ ಅವತ್ತಿನದ್ದು ಅವತ್ತೇ ಬೀಸುತ್ತಿದ್ದರು. ಹಿಟ್ಟು ಕೂಡಿಟ್ಟು ಗೊತ್ತೇ ಇಲ್ಲ, ಕೂಡಿಡುತ್ತಿದ್ದುದು ಕಾಳನ್ನು. ಡೋಣಿ ಬೆಳೆದರೆ ಓಣೆಲ್ಲಾ ಜೋಳ ಎನ್ನುವ ಈ ಡೋಣಿ ನದಿಯ ಸೀಮೆಯಲ್ಲಿ ಆ ಜೋಳ ಹೋಗುತ್ತಿದ್ದುದು ಹಗೇವಿಗೆ. ನೆಲದೊಳಗೆ ಕಿರಿದಾದ ಬಾಯಿಯ ಆಳದ ಗುಂಡಿ, ಸುತ್ತ ಒಣ ಕಣಿಕೆ ಹೊಟ್ಟಿನ ಹೊದಿಕೆ, ಬಾಯಿಗೆ ಚಪ್ಪಡಿ, ಮೇಲೆ ಮಣ್ಣು. ಮುಚ್ಚಿದ ಮೇಲೆ ಒಳಗಿನ ಕಾಳೂ ಹುಳವೂ ಉಸಿರಾಡಿ ಆಮ್ಲಜನಕ ಮುಗಿಯುತ್ತದೆ, ಹುಳ ಸಾಯುತ್ತದೆ, ಕಾಳು ವರ್ಷಗಟ್ಟಲೆ ಉಳಿಯುತ್ತದೆ. ಅದೇ ಕಾರಣಕ್ಕೆ ಹಗೇವು ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ದೀಪ ಇಳಿಸಿ, ಅದು ಉರಿದರೆ ಮಾತ್ರ ಮನುಷ್ಯ ಇಳಿಯುತ್ತಿದ್ದ. ಈಗಲೂ ಊರಲ್ಲಿ ಹಳೆ ಹಗೇವು ಇದ್ದರೆ ಈ ಮಾತು ನೆನಪಿರಲಿ.

ಉಪವಾಸದ ಶಿಂಗಾಡಾ ಹಿಟ್ಟು ಹೋದ ಶಿವರಾತ್ರೀದು ಐತಿ. ಆಷಾಢ ಏಕಾದಶಿಗೆ ನಡೀತೈತೇನ?

ಬೆಳಗಾವಿ ಕಡೆಯಿಂದ ಈ ಪ್ರಶ್ನೆ ಬಹಳ ಬರುತ್ತದೆ. ಶಿಂಗಾಡಾ ಕೆರೆಯ ನೀರಿನಲ್ಲಿ ಬೆಳೆಯುವ ಬಳ್ಳಿಯ ಕಾಯಿ. ಉತ್ತರ ಪ್ರದೇಶ, ಮಧ್ಯಪ್ರದೇಶ, ಬಿಹಾರದಲ್ಲಿ ಹೆಚ್ಚು. ಒಣಗಿಸಿ ಬೀಸಿದ ಈ ಹಿಟ್ಟಿನಲ್ಲಿ ಎಣ್ಣೆ ಬಹಳ ಕಡಿಮೆ, ಪಿಷ್ಟವೇ ಎಲ್ಲ. ಆದ್ದರಿಂದ ಸಜ್ಜಿಯಂತೆ ಕಮಟಾಗುವುದಿಲ್ಲ. ಇದರ ವೈರಿ ತೇವ. ಬೆಳಗಾವಿಯ ಮಳೆಯಲ್ಲಿ ತೆರೆದ ಪ್ಯಾಕೆಟ್ ಬೇಗ ತೇವ ಎಳೆದುಕೊಂಡು ಹೆಂಟೆಯಾಗುತ್ತದೆ, ಮುಗ್ಗುತ್ತದೆ. ಶಿವರಾತ್ರಿಗೆ ತೆರೆದದ್ದನ್ನು ಬಿಗಿ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಟ್ಟಿದ್ದರೆ ಬಿಸಿನೀರಿನ ಪರೀಕ್ಷೆ ಮಾಡಿ ಬಳಸಿ. ರಬ್ಬರ್ ಹಾಕಿ ಮಾಡದ ಮೇಲಿಟ್ಟಿದ್ದರೆ ಬೇಡ.

ಭಗರ್, ಅಂದರೆ ವರಿ ಅಕ್ಕಿಯ ಹಿಟ್ಟಿನಲ್ಲಿ ಇನ್ನೂ ಎಚ್ಚರ ಬೇಕು. ಅದರ ಭಕ್ರಿ ತಿಂದು ಊರಿಗೆ ಊರೇ ವಾಂತಿ, ತಲೆಸುತ್ತಿನಿಂದ ಆಸ್ಪತ್ರೆ ಸೇರಿದ ಸುದ್ದಿ ಮಹಾರಾಷ್ಟ್ರದಲ್ಲಿ ನವರಾತ್ರಿ, ಶಿವರಾತ್ರಿಗಳಲ್ಲಿ ಮತ್ತೆ ಮತ್ತೆ ಬಂದಿದೆ. ಬಿಡಿ ಹಿಟ್ಟು ಕೊಳ್ಳಬೇಡಿ. ಇಡೀ ಭಗರ್ ತಂದು, ಆರಿಸಿ, ಬೇಕಾದಷ್ಟನ್ನೇ ಮನೆಯ ಮಿಕ್ಸರ್‌ನಲ್ಲಿ ತಿರುವಿಕೊಳ್ಳಿ. ದಿನವಿಡೀ ಏನೂ ತಿನ್ನದ ಹೊಟ್ಟೆಗೆ ಹಳೆ ಹಿಟ್ಟು ಹಾಕುವುದು ಯಾವ ದೇವರಿಗೂ ಬೇಕಾಗಿಲ್ಲ.

ರಾಜಗಿರಾ ಹಿಟ್ಟಿನಲ್ಲಿ ಎಣ್ಣೆ ಇದೆ. ಒಂದು ತಿಂಗಳೊಳಗೆ ಮುಗಿಸಿ.

ಮಗಳು ಇಟಲಿಯಿಂದ ಚೆಸ್ಟ್‌ನಟ್ ಹಿಟ್ಟು ತಂದಾಳ. ಇದೂ ಶಿಂಗಾಡಾನ ಏನ್ರಿ?

ಅಲ್ಲ. ಶಿಂಗಾಡಾವನ್ನು ವಾಟರ್ ಚೆಸ್ಟ್‌ನಟ್ ಎಂದು ಕರೆಯುವುದರಿಂದ ಗೊಂದಲ. ನಿಮ್ಮ ಮಗಳು ತಂದದ್ದು ದೊಡ್ಡ ಮರದಲ್ಲಿ ಮುಳ್ಳು ಸಿಪ್ಪೆಯೊಳಗೆ ಬಿಡುವ ಕಾಯಿಯದ್ದು. ಇಟಲಿಯ ಟಸ್ಕನಿ ಗುಡ್ಡಗಳಲ್ಲಿ, ಫ್ರಾನ್ಸಿನ ಕಾರ್ಸಿಕಾ ದ್ವೀಪದಲ್ಲಿ ಬಡವರ ಹೊಟ್ಟೆ ಹೊರೆದ ಹಿಟ್ಟು ಅದು, ನಮ್ಮ ಜೋಳದ ಹಾಗೆ. ಅಕ್ಟೋಬರ್, ನವೆಂಬರ್‌ನಲ್ಲಿ ಕಾಯಿ ಕೂಡಿಸಿ, ಅಟ್ಟದ ಮೇಲೆ ಹರಡಿ, ಕೆಳಗೆ ಮಂದ ಬೆಂಕಿಯಿಟ್ಟು ವಾರಗಟ್ಟಲೆ ಒಣಗಿಸಿ ಬೀಸುತ್ತಾರೆ. ಹಾಗಾಗಿ ಹಿಟ್ಟಿಗೆ ತೆಳುವಾದ ಹೊಗೆ ವಾಸನೆ, ಸಹಜ ಸಿಹಿ ಇರುತ್ತದೆ. ಹೊಗೆ ವಾಸನೆ ಬಂತೆಂದು ಕೆಟ್ಟಿದೆ ಎಂದುಕೊಳ್ಳಬೇಡಿ.

ಅದರಲ್ಲಿ ಎಣ್ಣೆಯಂಶ 3–4 ಗ್ರಾಂ, ಸಕ್ಕರೆಯಂಶವೂ ಸಾಕಷ್ಟು. ಅಂದರೆ ಜೋಳಕ್ಕೂ ಸಜ್ಜಿಗೂ ನಡುವೆ, ಜೊತೆಗೆ ಹುಳಕ್ಕೂ ತೇವಕ್ಕೂ ಬಹಳ ಇಷ್ಟವಾದದ್ದು. ಹಿಂದೆ ಅಲ್ಲಿಯವರು ಈ ಹಿಟ್ಟನ್ನು ಮರದ ಪೆಟ್ಟಿಗೆಯಲ್ಲಿ ಸಡಿಲವಾಗಿ ಇಡದೆ ಗಟ್ಟಿಯಾಗಿ ಒತ್ತಿ ತುಂಬುತ್ತಿದ್ದರು, ಗಾಳಿ ಒಳಗೆ ಹೋಗದಿರಲೆಂದು. ಮಗಳು ತಂದದ್ದನ್ನು ನೀವೂ ಚಿಕ್ಕ ಡಬ್ಬಿಗೆ ಒತ್ತಿ ತುಂಬಿ ಫ್ರಿಜ್‌ನಲ್ಲಿಡಿ. ತೆರೆದ ಮೇಲೆ ಎರಡು ಮೂರು ತಿಂಗಳಲ್ಲಿ ಮುಗಿಸಿ. ಹೆಚ್ಚು ದಿನ ಬೇಕಾದರೆ ಫ್ರೀಜರ್. ಒಳ್ಳೆಯದ್ದು ಕೆನೆ ಬಣ್ಣದ್ದು, ಬಾಯಿಗೆ ಸಿಹಿ. ಸಿಹಿಯ ಹಿಂದೆ ಕಹಿ ಬಂದರೆ, ಚುರುಕು ಹುಳಿ ವಾಸನೆ ಬಂದರೆ ಹೋಗಿದೆ ಎಂದರ್ಥ. ಸಣ್ಣ ಹೆಂಟೆಗಳು ಹೊಸ ಹಿಟ್ಟಿನಲ್ಲೂ ಇರುತ್ತವೆ. ಬೆರಳಿಗೆ ಪುಡಿಯಾದರೆ ಚಿಂತೆಯಿಲ್ಲ, ಒದ್ದೆಯಾಗಿ ಅಂಟಿದರೆ ಕೆಟ್ಟಿದೆ.

ಉಪವಾಸಕ್ಕೆ ನಡೆಯುತ್ತದೆಯೇ ಎಂದು ನನ್ನನ್ನು ಕೇಳಬೇಡಿ, ನಿಮ್ಮ ಮನೆಯ ಆಚಾರ್ಯರನ್ನು ಕೇಳಿ.

ಫ್ರಿಜ್‌ನ್ಯಾಗ ಇಟ್ರ ಹಿಟ್ಟು ತೇವ ಆಗೂದಿಲ್ಲೇನ?

ಸರಿಯಾಗಿ ಇಟ್ಟರೆ ಆಗುವುದಿಲ್ಲ. ಬಿಗಿ ಮುಚ್ಚಳದ ಡಬ್ಬಿ ಬೇಕು. ಹೊರ ತೆಗೆದ ಕೂಡಲೇ ಮುಚ್ಚಳ ತೆಗೆಯಬಾರದು. ತಣ್ಣನೆ ಹಿಟ್ಟಿಗೆ ಹೊರಗಿನ ಗಾಳಿಯ ತೇವ ಬಂದು ಕೂರುತ್ತದೆ. ಅರ್ಧ ಗಂಟೆ ಹೊರಗಿಟ್ಟು ಆಮೇಲೆ ತೆರೆಯಿರಿ. ಬೇಕಾದಷ್ಟನ್ನು ತೆಗೆದು ಡಬ್ಬಿಯನ್ನು ಕೂಡಲೇ ಒಳಗಿಡಿ. ಸಜ್ಜಿ ಹಿಟ್ಟು ಫ್ರಿಜ್‌ನಲ್ಲಿ ಮೂರು ನಾಲ್ಕು ವಾರ ತಡೆಯುತ್ತದೆ, ಫ್ರೀಜರ್‌ನಲ್ಲಿ ಎರಡು ಮೂರು ತಿಂಗಳು. ತಂಪು ಕಿಣ್ವವನ್ನು ಕೊಲ್ಲುವುದಿಲ್ಲ, ಅದರ ಕೈ ಕಟ್ಟುತ್ತದೆ ಅಷ್ಟೇ. ಹೊಸ ಹಿಟ್ಟನ್ನು ಮೈನಸ್ 18 ಡಿಗ್ರಿಯಲ್ಲಿ ನಾಲ್ಕು ದಿನ ಇಟ್ಟರೆ ಹುಳದ ತತ್ತಿ ಸಾಯುತ್ತದೆ. ಆಮೇಲೆ ಹೊರಗಿಟ್ಟರೂ ಹುಳ ಬೀಳುವುದು ಕಡಿಮೆ.

ಬೆಂಗಳೂರಾಗ ಇರೂ ಮಗಗ ಹಿಟ್ಟು ಕಳಸ್ತೀವಿ. ಹೆಂಗ ಕಟ್ಟಬೇಕು?

ರಾತ್ರಿ ಬಸ್ಸಿಗೆ ಹಾಕುವ ಹಿಟ್ಟನ್ನು ಅದೇ ದಿನ ಮಧ್ಯಾಹ್ನ ಬೀಸಿಸಿ, ಬಿಸಿ ಬಿಸಿಯಾಗಿಯೇ ಪ್ಲಾಸ್ಟಿಕ್ ಚೀಲಕ್ಕೆ ಕಟ್ಟಿ ಕಳಿಸುವವರೇ ಹೆಚ್ಚು. ಒಂದು ದಿನ ಮುಂಚೆ ಬೀಸಿಸಿ, ರಾತ್ರಿಯಿಡೀ ಆರಲು ಬಿಡಿ. ಎರಡು ಕಿಲೋದ ಒಂದು ದೊಡ್ಡ ಚೀಲದ ಬದಲು ಅರ್ಧರ್ಧ ಕಿಲೋದ ನಾಲ್ಕು ಚೀಲ ಮಾಡಿ, ಗಾಳಿ ಒತ್ತಿ ತೆಗೆದು ಕಟ್ಟಿ. ಒಂದು ತೆರೆದಾಗ ಉಳಿದ ಮೂರು ಫ್ರೀಜರ್‌ನಲ್ಲಿರಲಿ ಎಂದು ಮಗನಿಗೆ ಹೇಳಿ. ಅದೇ ಗಂಟಿನಲ್ಲಿ ಉಪ್ಪಿನಕಾಯಿ, ಮಸಾಲೆಖಾರ, ಸಾಬೂನು ಇಡಬೇಡಿ. ಹಿಟ್ಟು ಎಲ್ಲ ವಾಸನೆಯನ್ನೂ ಎಳೆದುಕೊಳ್ಳುತ್ತದೆ. ಸಜ್ಜಿ ಹಿಟ್ಟು ಕಳಿಸಬೇಡಿ, ರೊಟ್ಟಿ ಕಳಿಸಿ.

ಶೇಂಗಾ, ಅಗಸಿ, ಗುರೆಳ್ಳು ಪುಡಿ?

ಇವು ಹಿಟ್ಟಿನ ಲೆಕ್ಕಕ್ಕೆ ಬರುವುದಿಲ್ಲ, ಎಣ್ಣೆಯ ಲೆಕ್ಕಕ್ಕೆ ಬರುತ್ತವೆ. ಮೂರರಲ್ಲೂ ತೂಕದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಎಣ್ಣೆಯೇ. ಅಗಸಿಯ ಎಣ್ಣೆ ಎಲ್ಲಕ್ಕಿಂತ ಬೇಗ ಕಮಟಾಗುತ್ತದೆ. ಹುರಿದು ಕುಟ್ಟಿದ ಅಗಸಿ ಹಿಂಡಿಯನ್ನು ಹದಿನೈದು ದಿನಕ್ಕಾಗುವಷ್ಟೇ ಮಾಡಿ. ಶೇಂಗಾ ಆರಿಸುವಾಗ ಮುದುಡಿದ, ಬಣ್ಣಗೆಟ್ಟ, ಕಹಿ ಬೀಜವನ್ನು ಚೆಲ್ಲಿ. ಅಫ್ಲಾಟಾಕ್ಸಿನ್ ಇದ್ದರೆ ಹೆಚ್ಚಾಗಿ ಇರುವುದು ಅವುಗಳಲ್ಲೇ.

ಪ್ಯಾಕೆಟ್ ಮ್ಯಾಲೆ ಮೂರು ತಿಂಗಳ ತಾರೀಖ ಇರ್ತೈತಲ್ಲ?

ಅದು ಮುಚ್ಚಿದ ಪ್ಯಾಕೆಟ್ಟಿನ ಮಾತು. ಕತ್ತರಿ ಹಾಕಿದ ದಿನದಿಂದ ಮನೆಯ ಹಿಟ್ಟಿನ ಲೆಕ್ಕವೇ. ಬೀಸಿದ ಅಥವಾ ತುಂಬಿದ ತಾರೀಖು, 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಸಂಖ್ಯೆ ಎರಡೂ ಇಲ್ಲದ ಪ್ಯಾಕೆಟ್ ಕೊಳ್ಳಬೇಡಿ. ಅಂಗಡಿಯವರು ಬಿಸಿಲು ಬೀಳುವ ಜಾಗದಲ್ಲಿ ಜೋಡಿಸಿದ್ದರೆ ತಾರೀಖು ಇದ್ದರೂ ಬೇಡ.

ಕೆಟ್ಟ ಹಿಟ್ಟು ಎಮ್ಮಿಗೆ ಹಾಕಬಹುದ?

ಕಮಟಾದದ್ದನ್ನು ಸ್ವಲ್ಪ ಸ್ವಲ್ಪವಾಗಿ ಹೊಟ್ಟು, ಹಿಂಡಿಯ ಜೊತೆ ಕೂಡಿಸಿ ಹಾಕಬಹುದು. ಒಮ್ಮೆಗೇ ಎರಡು ಮೂರು ಕಿಲೋ ಹಿಟ್ಟು ತಿಂದರೆ ಎಮ್ಮೆಯ ಹೊಟ್ಟೆ ಹುಳಿಯಾಗಿ ಜೀವಕ್ಕೇ ಬರುತ್ತದೆ. ಬೂಷ್ಟು ಹಿಡಿದದ್ದನ್ನು ಮಾತ್ರ ಹಾಕಲೇಬಾರದು. ಅಫ್ಲಾಟಾಕ್ಸಿನ್ ಇದ್ದರೆ ರೂಪ ಬದಲಿಸಿ ಹಾಲಿಗೆ ಇಳಿಯುತ್ತದೆ. ಆ ಹಾಲು ಕುಡಿಯುವುದು ನಿಮ್ಮ ಮನೆಯ ಮಕ್ಕಳೇ. ಕೋಳಿಗೂ ಬೇಡ. ತಿಪ್ಪೆಯಲ್ಲಿ ಸ್ವಲ್ಪ ಆಳಕ್ಕೆ ಹುಗಿದು ಮಣ್ಣು ಎಳೆಯಿರಿ. ಮೇಲೆ ಚೆಲ್ಲಿದರೆ ಕೋಳಿಗಳೇ ಮೊದಲು ಬರುತ್ತವೆ.